ಮೀಸಲು ಮುರಿಯದ ಖೋಲಿ

ಶೈಲಶ್ರೀ ಒಂದನೇ ಇಯತ್ತೆಯಲ್ಲಿದ್ದಾಗ ಅವಳ ಸೋದರಮಾವ ರೇವಪ್ಪ ಊರ ಮಂದಿಯ ಮುಂದೆ ಒಂದು ಮಾತು ಕೊಟ್ಟಿದ್ದ.

ಅವತ್ತು ಊರಿನ ಸರಕಾರಿ ಶಾಲೆಗೆ ಕಂಪ್ಯೂಟರುಗಳು ಬಂದಿದ್ದವು. ಟೆಂಪೋದಿಂದ ಪೆಟ್ಟಿಗೆ ಇಳಿಸುವಾಗ ಹೆಂಗಸರು ಆರತಿ ಹಿಡಿದು ನಿಂತಿದ್ದರು. ಹಲಗೆಯವರು ಕರೆಯದಿದ್ದರೂ ಬಂದು ಹಲಗೆ ಬಾರಿಸಿದ್ದರು. ರೇವಪ್ಪ ಆಗಷ್ಟೇ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಅಧ್ಯಕ್ಷನಾಗಿದ್ದ. ಹೊಸ ಪಟಗ ಸುತ್ತಿಕೊಂಡು, ಹಣೆ ತುಂಬ ವಿಭೂತಿ ಬಳಿದುಕೊಂಡು, ತಂಗಿ ಕಸ್ತೂರೆವ್ವನ ಮಗಳನ್ನು ಎತ್ತಿ ಶಾಲೆಯ ಕಟ್ಟೆಯ ಮೇಲೆ ನಿಲ್ಲಿಸಿದ.

"ಈ ಹುಡುಗಿ ದೊಡ್ಡ ಇಯತ್ತೆಕ್ಕ ಬರಲಿ. ಈ ಕಂಪ್ಯೂಟರ ಖೋಲಿ ಕೀಲಿ ನಾನ ಕೈಯಾರೆ ಆಕಿ ಕೈಯಾಗ ಕೊಡ್ತೇನಿ. ಊರ ಮಂದಿ ಸಾಕ್ಷಿ."

ಮಂದಿ ಚಪ್ಪಾಳೆ ತಟ್ಟಿದರು. ಕಸ್ತೂರೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ತಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಆ ಪೆಟ್ಟಿಗೆಗಳ ಒಳಗೆ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆದರೆ ತನ್ನ ಮಗಳಿಗೆ ಸೇರಬೇಕಾದದ್ದು ಏನೋ ಇದೆ ಎಂದು ಗೊತ್ತಿತ್ತು.

ಇವರ ಊರಿನ ಅಗಸಿಯ ಮುಂದೆ ತಾಳಿಕೋಟೆಯಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸು ನಿಲ್ಲುತ್ತದೆ. ಶಾಲೆ ಏಳನೇ ಇಯತ್ತೆಯ ತನಕ. ಹಿಂದಿನ ಕಾಲದ ಕಲ್ಲಿನ ಗೋಡೆ, ಮುಂದೆ ಬೇವಿನ ಗಿಡ. ಗಿಡದ ಎದುರಿನ ಖೋಲಿಗೆ ಬಣ್ಣ ಬಳಿಸಿ, ಕಿಟಕಿಗೆ ಸರಳು ಹಾಕಿಸಿ ಕಂಪ್ಯೂಟರುಗಳನ್ನು ಇಟ್ಟರು. ಆಮೇಲೆ ಸಭೆ ಸೇರಿತು.

ಈ ಸೀಮೆಯಲ್ಲಿ ಹೊಸದೇನು ಬಂದರೂ ಮೊದಲು ಮೀಸಲು. ಎಮ್ಮೆ ಈದರೆ ಮೊದಲ ಬೆಣ್ಣೆ ದೇವರದು. ಅದು ದೇವರಿಗೆ ಮುಟ್ಟುವ ತನಕ ಮನೆಯ ಕೂಸು ಕೂಡ ಗಡಿಗೆಗೆ ಬೆರಳು ಹಚ್ಚುವಂತಿಲ್ಲ. ಸಲ್ಲಬೇಕಾದವರಿಗೆ ಸಂದರೆ ಮೀಸಲು ಮುರಿಯಿತು, ಆಮೇಲೆ ಎಲ್ಲರೂ ಉಣ್ಣಬಹುದು. ಕಂಪ್ಯೂಟರಿಗೂ ಊರವರು ಹಾಗೇ ಮಾಡಿದರು. ಅದನ್ನು ಬಲ್ಲ ಸರ್ ಒಬ್ಬರನ್ನು ಸರಕಾರ ಕಳಿಸುತ್ತದೆ, ಅವರ ಕೈಯಿಂದಲೇ ಶುರುವಾಗಲಿ, ಅಲ್ಲಿಯ ತನಕ ಮಕ್ಕಳ ಎಂಜಲು ಕೈ ತಾಗುವುದು ಬೇಡ ಎಂದು ಠರಾವಾಯಿತು. ಪಕ್ಕದೂರಿನಲ್ಲಿ ಕಳ್ಳರು ಶಾಲೆಯ ಬ್ಯಾಟರಿ ಹೊತ್ತೊಯ್ದ ಸುದ್ದಿ ಬೇರೆ ಇತ್ತು. ಬೀಗ ಬಿತ್ತು. ಕೀಲಿಯನ್ನು ರೇವಪ್ಪ ತನ್ನ ಉಡದಾರಕ್ಕೆ ಕಟ್ಟಿಕೊಂಡ. ಆ ಠರಾವಿಗೆ ಕೈ ಎತ್ತಿದವರಲ್ಲಿ ಕಸ್ತೂರೆವ್ವನೂ ಒಬ್ಬಳು.

ಕಂಪ್ಯೂಟರ್ ಸರ್ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಆಮೇಲೆ ಕೇಳುವುದನ್ನೂ ಬಿಟ್ಟರು.

ವರ್ಷಕ್ಕೊಮ್ಮೆ, ಖಂಡೆಪೂಜೆಯ ದಿನ ಮಾತ್ರ ಖೋಲಿ ತೆರೆಯುತ್ತಿತ್ತು. ಟ್ರ್ಯಾಕ್ಟರ್, ಕುಡಗೋಲು, ಹೊಲಿಗೆ ಮಶಿನ್ನು ಪೂಜೆಯಾಗುವ ದಿನವೇ ಕಂಪ್ಯೂಟರುಗಳಿಗೂ ಪೂಜೆ. ಅಧ್ಯಕ್ಷನ ತಂಗಿ ಎಂದು ಆ ಕೆಲಸ ಕಸ್ತೂರೆವ್ವನದು. ಅವಳು ಮಡಿಯಲ್ಲಿ ಬಂದು ಕಸ ಹೊಡೆಯುತ್ತಿದ್ದಳು. ಹಸಿ ಅರಿವೆಯಿಂದ ಒಂದೊಂದು ಪರದೆಯನ್ನೂ ಒರೆಸಿ, ಮೂರೆಳೆ ವಿಭೂತಿ ಎಳೆದು, ಕುಂಕುಮ ಇಟ್ಟು, ಕೀಲಿಮಣೆಯ ಮೇಲೆ ಚೆಂಡುಹೂವು ಹಾಕಿ, ಕೈ ತುಂಬ ಅಕ್ಷತೆ ಚೆಲ್ಲುತ್ತಿದ್ದಳು. ಕಾಯಿ ಒಡೆದ ಮೇಲೆ ಮತ್ತೆ ಪ್ಲಾಸ್ಟಿಕ್ ಹೊದಿಕೆ, ಮತ್ತೆ ಬೀಗ. ಮನೆಯ ದೇವರಿಗೂ ಅಷ್ಟು ಮನಸ್ಸಿಟ್ಟು ಪೂಜೆ ಮಾಡುವುದಿಲ್ಲ ಎಂದು ಅತ್ತೆ ಗುಂಡವ್ವ ಕಿಚಾಯಿಸುತ್ತಿದ್ದಳು.

ಹೀಗೆ ಶೈಲಶ್ರೀ ಏಳನೇ ಇಯತ್ತೆಗೆ ಬಂದಳು.

ಹುಡುಗಿ ಲೆಕ್ಕದಲ್ಲಿ ಚುರುಕು. ಕಸ್ತೂರೆವ್ವ ಸಂಘದ ಹೆಂಗಸರ ಜೊತೆ ರೊಟ್ಟಿ ಕೇಂದ್ರದಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಯಾವ ಖಾನಾವಳಿಗೆ ಎಷ್ಟು ರೊಟ್ಟಿ, ಎಷ್ಟು ಹಿಟ್ಟು ಬೇಕು ಎಂದು ಹುಡುಗಿ ಬಾಯಲ್ಲೇ ಲೆಕ್ಕ ಹಾಕಿ ಹೇಳಿಬಿಡುತ್ತಿದ್ದಳು. ಆದರೆ ಏಳನೇ ಇಯತ್ತೆ ಮುಗಿದರೆ ಮುಂದೇನು? ಅಪ್ಪ ಸಿದ್ದಾರೂಢ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು. ಹಂಗಾಮು ಬಂತೆಂದರೆ ವಾರಕ್ಕೊಮ್ಮೆ ಮನೆಯ ಮುಖ ನೋಡುವವನು. ನಿಲ್ಲಲು ಜಾಗವಿಲ್ಲದ ಬಸ್ಸಿನಲ್ಲಿ ಮುದ್ದೇಬಿಹಾಳಕ್ಕೆ ಮಗಳನ್ನು ದಿನಾ ಕಳಿಸುವುದಿಲ್ಲ, ಮನೆಯಲ್ಲಿ ಅವ್ವನಿಗೆ ಕೈಜೋಡಿಸಲಿ ಎಂದು ಅವನು ಮೊದಲೇ ಹೇಳಿಬಿಟ್ಟಿದ್ದ.

ಆಗ ಸಗೀರಾ ಅಕ್ಕೋರು ಒಂದು ಸುದ್ದಿ ತಂದರು. ಅವರು ಶಾಲೆಯ ಅತಿಥಿ ಶಿಕ್ಷಕಿ. ಮುದ್ದೇಬಿಹಾಳದಿಂದ ದಿನಾ ಬಸ್ಸಿಗೆ ಬರುತ್ತಾರೆ. ತವರು ಸಿಂದಗಿ, ಅಲ್ಲೇ ಕಂಪ್ಯೂಟರ್ ಕಲಿತವರು. ವಿಜಯಪುರದ ಒಂದು ಸಂಸ್ಥೆ ಹೆಣ್ಣುಮಕ್ಕಳಿಗಾಗಿ ವಸತಿ ಶಾಲೆ ನಡೆಸುತ್ತದೆ, ಹನ್ನೆರಡನೇ ತನಕ ಊಟ, ಬಟ್ಟೆ, ಪುಸ್ತಕ ಎಲ್ಲ ಅವರದೇ, ಎಳ್ಳಮಾವಾಸ್ಯೆ ಮುಗಿದ ಮೇಲೆ ಬಸವನ ಬಾಗೇವಾಡಿಯಲ್ಲಿ ಪ್ರವೇಶ ಪರೀಕ್ಷೆ ಇದೆ ಎಂದು ಅವರು ಹೇಳಿದರು. ಅಲ್ಲಿ ಸೀಟು ಸಿಕ್ಕರೆ ಕಳಿಸುತ್ತೇನೆ ಎಂದ ಸಿದ್ದಾರೂಢ. ಸಿಗದಿದ್ದರೆ ಆ ಮಾತು ಮತ್ತೆ ಎತ್ತಬಾರದು ಎಂದೂ ಹೇಳಿದ.

ಹುಡುಗಿಯ ಮುಂದೆ ಇದ್ದದ್ದು ಇಷ್ಟೇ. ಸೀಟು ಸಿಕ್ಕರೆ ಶಾಲೆ. ಸಿಗದಿದ್ದರೆ ರೊಟ್ಟಿಯ ಹಂಚು.

ಒಂದು ಸಂಜೆ ಸಗೀರಾ ಅಕ್ಕೋರು ಬಸ್ಸು ಬಿಟ್ಟು ಕಸ್ತೂರೆವ್ವನ ಮನೆಗೆ ಬಂದರು. ಪರೀಕ್ಷೆ ಕಾಗದದ ಮೇಲಲ್ಲ, ಕಂಪ್ಯೂಟರ್ ಮೇಲೆ ಎಂದು ಹೇಳಿದರು. ಅಧ್ಯಕ್ಷರ ಹತ್ತಿರ ಕೀಲಿ ಕೇಳಿ ಕೇಳಿ ಸಾಕಾಗಿದೆ, ಹೆಡ್‌ಮಾಸ್ತರು ಅದು ಕಮಿಟಿಯ ವಿಷಯ ಎನ್ನುತ್ತಾರೆ, ನೀವು ತಂಗಿಯಾಗಿ ಒಂದು ಮಾತು ಹೇಳಬೇಕು ಎಂದು ಕೇಳಿಕೊಂಡರು.

ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳಿಗೆ ಇದೆಲ್ಲ ಅತಿಯಾಯಿತು ಅನಿಸಿತು.

"ನನ್ನ ಮಗಳಿಗಿ ಉತ್ತರ ಬರ್ತಾವಲ್ರಿ ಅಕ್ಕೋರ. ಉತ್ತರ ಬಂದ್ರ ಸಾಕಲ್ಲೇನು? ಕಾಗದಾದ ಮ್ಯಾಲ ಬರದ್ರೇನು, ಅದರ ಮ್ಯಾಲ ಬರದ್ರೇನು?"

"ಉತ್ತರ ಬರ್ತೈತಿ ಅಕ್ಕಾ. ಉತ್ತರ ತೋರ್ಸೂದು ಬರಬೇಕಲ್ಲ."

"ಮನ್ಯಾಗ ಮೊಬೈಲ ಐತಿ. ಅದನ್ನೇನ ಆಕಿ ಬಿಟ್ಟಾಳೇನ್ರಿ? ನಮಗ ಗೊತ್ತಿಲ್ಲದ್ದೆಲ್ಲಾ ತಗದು ತೋರಿಸ್ತಾಳ."

"ಮೊಬೈಲಿಗಿ ಬೆರಳ ಹಚ್ಚಿದ್ರ ಮುಗೀತು. ಇದಕ್ಕ ಕೈ ಒಂದ ಕಡಿ, ಕಣ್ಣ ಒಂದ ಕಡಿ. ಒಂದ ವಾರ ಮುಟ್ಟಿದ್ರ ಬರ್ತೈತಿ. ಮುಟ್ಟದಿದ್ರ ಜನ್ಮಕ್ಕ ಬರೂದಿಲ್ಲ."

ಮೂಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದ ಗುಂಡವ್ವ ನಡುವೆ ಬಾಯಿ ಹಾಕಿದಳು.

"ಅಲ್ಲವಾ, ಆ ಡಬ್ಬಿ ಎಲ್ಲಾ ಕಲಿಸಿತಂದ್ರ ನೀವ್ಯಾಕ ಬೇಕ? ನಿಮ್ಮ ಪಗಾರ ಬಂದ ಆಗತೈತಿ ನೋಡ ಮತ್ತ."

ಅಕ್ಕೋರು ನಕ್ಕರು. "ಗ್ಯಾಸಿನ ಒಲಿ ಬಂತಂತ ರೊಟ್ಟಿ ತಾನ ಬಡಕೋತೈತೇನ ಆಯಿ? ಕೈ ಬೇಕ ಬೇಕು."

ಆಮೇಲೆ ಅವರು ಇಂಡಿ ತಾಲೂಕಿನ ಒಂದು ಊರಿನ ಮಾತು ಹೇಳಿದರು. ಅವರ ಗೆಳತಿ ಅಲ್ಲಿ ಶಿಕ್ಷಕಿ. ಅಲ್ಲಿ ಕಂಪ್ಯೂಟರ್ ಖೋಲಿಗೆ ಶಾಲೆ ನಡೆಯುವಾಗ ಬೀಗವೇ ಇಲ್ಲ. ಒಂದೊಂದರ ಮುಂದೆ ಇಬ್ಬಿಬ್ಬರು ಕೂತು ಲೆಕ್ಕ ಮಾಡುತ್ತಾರೆ. ಮಾಸ್ತರ ಮುಂದೆ ಬಾಯಿ ಬಿಡದ ಹುಡುಗರೂ ಅಲ್ಲಿ ಬಾಯಿ ಬಿಡುತ್ತಾರಂತೆ. ತಪ್ಪಿದರೆ ಅದು ಬೈಯುವುದಿಲ್ಲ, ನಗುವುದಿಲ್ಲ, ಮತ್ತೊಮ್ಮೆ ಮಾಡು ಎನ್ನುತ್ತದೆ. ಯಾರು ಎಲ್ಲಿ ಎಡವಿದರು ಎಂದು ನೋಡಿಕೊಂಡು ಶಿಕ್ಷಕಿ ಅವರ ಪಕ್ಕ ಹೋಗಿ ಕೂಡುತ್ತಾಳೆ. ಯಂತ್ರ ಶಿಕ್ಷಕಿಯ ಜಾಗ ಕಸಿದಿಲ್ಲ, ಅವಳಿಗೆ ಇನ್ನೊಂದು ಜೋಡಿ ಕಣ್ಣು ಕೊಟ್ಟಿದೆ, ಅಷ್ಟೇ.

"ನಮ್ಮವು ಹಾಳಾದ್ರ?" ಎಂದಳು ಕಸ್ತೂರೆವ್ವ.

"ಮುಟ್ಟಿದ್ರ ಒಂದ ಹಾಳಾದೀತು. ಮುಟ್ಟದಿದ್ರ ಎಲ್ಲಾವೂ ಹಾಳಾಗ್ತಾವು. ಬೋರಿನ ಮೋಟರ ವರ್ಷಗಟ್ಲೆ ಚಾಲೂ ಮಾಡ್ಲಾರ್ದ ಇಟ್ರ ಏನಾಗ್ತೈತಿ ಹೇಳ್ರಿ?"

ಜಾಮ್ ಆಗುತ್ತದೆ. ಕಸ್ತೂರೆವ್ವನಿಗೆ ಅದು ಗೊತ್ತಿತ್ತು. ಆದರೂ ಅವಳು ಖಂಡೆಪೂಜೆ ಬರಲಿ, ಅವತ್ತು ಹೇಗೂ ಖೋಲಿ ತೆರೆಯುತ್ತದೆ, ಅಣ್ಣನೂ ಒಳ್ಳೆಯ ಮನಸ್ಸಿನಲ್ಲಿರುತ್ತಾನೆ, ಆಗ ಕೇಳೋಣ ಎಂದಳು. ಅಕ್ಕೋರು ಚಹಾ ಕುಡಿದು ಕೊನೆಯ ಬಸ್ಸಿಗೆ ಹೋದರು.

ಕೀಲಿ ಸಿಗದಿದ್ದರೂ ಸಗೀರಾ ಅಕ್ಕೋರು ಸುಮ್ಮನೆ ಕೂಡಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿ ಉಳಿದಿದ್ದ ಎರೆಮಣ್ಣನ್ನು ಮಕ್ಕಳಿಂದ ತರಿಸಿದರು. ಎತ್ತಿನ ಬೆನ್ನು ತಿದ್ದಿದ ಕೈಗಳು ಈಗ ಮಣ್ಣಿನ ಮೌಸ್ ತಿದ್ದಿದವು. ಬಲಗಡೆ ಒಂದು ಗುಂಡಿ, ಎಡಗಡೆ ಒಂದು ಗುಂಡಿ, ಹಿಂದೆ ಸುತಳಿಯ ಬಾಲ. ಹಳೆಯ ರಟ್ಟಿನ ಮೇಲೆ ಸೀಮೆಸುಣ್ಣದಿಂದ ಕೀಲಿಮಣೆಯ ಅಕ್ಷರಗಳನ್ನು ಬರೆದರು. ಬೀಗ ಹಾಕಿದ ಖೋಲಿಯ ಮುಂದಿನ ಕಟ್ಟೆಯ ಮೇಲೇ ಪಾಠ. ಸರಳಿನ ಕಿಟಕಿಯಿಂದ ಒಳಗಿನ ಪ್ಲಾಸ್ಟಿಕ್ ಹೊದಿಕೆ ಕಾಣುತ್ತಿತ್ತು, ಅದರ ಹೊರಗೆ ಮಕ್ಕಳು ಮಣ್ಣನ್ನು ಒತ್ತುತ್ತಿದ್ದರು. ಶೈಲಶ್ರೀ ತನ್ನ ಮಣ್ಣಿನ ಮೌಸನ್ನು ಮನೆಗೂ ತಂದು, ಊಟದ ಮಣೆಯ ಮೇಲಿಟ್ಟು ಅಭ್ಯಾಸ ಮಾಡುತ್ತಿದ್ದಳು. ಅದು ಒಣಗಿ ಬಿರುಕು ಬಿಟ್ಟರೆ ಮತ್ತೊಂದು ಮಾಡುತ್ತಿದ್ದಳು.

ಖಂಡೆಪೂಜೆ ಬಂತು. ರೇವಪ್ಪ ಉಡದಾರದಿಂದ ಕೀಲಿ ಬಿಚ್ಚಿ ಬೀಗ ತೆಗೆದ. ಒಳಗಿನಿಂದ ಮುಗ್ಗಲು ವಾಸನೆ ಬಂತು. ಕಸ್ತೂರೆವ್ವ ಎಂದಿನಂತೆ ಕಸ ಹೊಡೆದು, ಒರೆಸಿ, ವಿಭೂತಿ ಎಳೆದಳು. ಶೈಲಶ್ರೀ ಹೂವಿನ ತಾಟು ಹಿಡಿದು ಪಕ್ಕದಲ್ಲಿದ್ದಳು. ಕಡೆಯ ಮೇಜಿನ ಹತ್ತಿರ ಬಂದಾಗ ಹುಡುಗಿ ತಾಟು ಕೆಳಗಿಟ್ಟು, ನಿಧಾನವಾಗಿ ಕೈ ಚಾಚಿ ನಿಜವಾದ ಮೌಸಿನ ಮೇಲೆ ಅಂಗೈ ಇಟ್ಟಳು. ಮಣ್ಣಿನದಕ್ಕಿಂತ ಹಗುರ ಎಂದು ಅವಳ ಮುಖ ಅರಳಿತು.

ಕಸ್ತೂರೆವ್ವ ಆ ಕೈಯನ್ನು ಬಡಿದು ಸರಿಸಿದಳು.

"ಮೀಸಲ ಐತಿ. ಮುಟ್ಟಬ್ಯಾಡ."

ಅವಳು ಯೋಚನೆ ಮಾಡಿ ಆಡಿದ ಮಾತಲ್ಲ. ಪೂಜೆಯ ಸಾಮಾನಿಗೆ ಮಕ್ಕಳು ಕೈ ಹಾಕಿದರೆ ಯಾವ ತಾಯಿಯ ಬಾಯಿಗೂ ಬರುವ ಮಾತು. ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು.

ಬಾಗಿಲಲ್ಲಿ ನಿಂತಿದ್ದ ಸಗೀರಾ ಅಕ್ಕೋರು, ಇವತ್ತು ಒಂದನ್ನಾದರೂ ಚಾಲೂ ಮಾಡಿ ನೋಡೋಣ, ಹುಡುಗಿಗೆ ಪರೀಕ್ಷೆ ಇದೆ ಎಂದು ರೇವಪ್ಪನನ್ನು ಕೇಳಿದರು. ಕಸ್ತೂರೆವ್ವನೂ ಅಣ್ಣನ ಮುಖ ನೋಡಿದಳು. ರೇವಪ್ಪ ಕೆಟ್ಟವನಲ್ಲ. ಅವನು ಹೆದರುಗುಳಿ. ಕಂಪ್ಯೂಟರ್ ಇಳಿದ ದಿನ ಎಲ್ಲ ಕಾಗದಗಳ ಮೇಲೆ ಸಹಿ ಹಾಕಿದವನು ಅವನು.

"ಹೆಚ್ಚು ಕಡಿಮಿ ಆದ್ರ ಸಹಿ ನಂದೈತ್ರಿ ಅಕ್ಕೋರ, ನಿಮ್ದಲ್ಲ," ಎಂದ. ಆಮೇಲೆ ತಂಗಿಯ ಕಡೆ ತಿರುಗಿದ. "ಅಧ್ಯಕ್ಷ ತನ್ನ ತಂಗಿ ಮಗಳಿಗಷ್ಟ ತಗದುಕೊಟ್ಟ ಅಂತ ನಾಳೆ ಮಂದಿ ಉಗಳತಾರ ಕಸ್ತೂರಿ. ಕೊಟ್ಟ ಮಾತು ನನಗೂ ನೆನಪೈತಿ. ಸರ್ ಒಬ್ರು ಬರ್ಲಿ, ಮೊದಲನೇ ಕೀಲಿ ಆಕಿಗೇ."

ಕಸ್ತೂರೆವ್ವನಿಗೆ ಅದು ಸರಿಯೆನಿಸಿತು. ಅಣ್ಣ ಹೇಳಿದರೆ ಸರಿಯೇ ಇರುತ್ತದೆ ಎಂದು ಬೆಳೆದವಳು ಅವಳು. ಕಾಯಿ ಒಡೆದರು. ಅಕ್ಷತೆ ಚೆಲ್ಲಿದರು. ಬೀಗ ಹಾಕಿದರು.

ಇನ್ನೂ ಒಂದು ದಾರಿ ಇತ್ತು. ಪರೀಕ್ಷೆ ಹತ್ತಿರ ಬಂದಾಗ ಅಕ್ಕೋರು ಮತ್ತೆ ಬಂದು, ರವಿವಾರ ಹುಡುಗಿಯನ್ನು ಮುದ್ದೇಬಿಹಾಳಕ್ಕೆ ಕಳಿಸಿ, ನನಗೆ ಗೊತ್ತಿರುವ ಒಂದು ಕಂಪ್ಯೂಟರ್ ಕ್ಲಾಸಿದೆ, ಎರಡು ತಾಸು ಕೂಡಿಸುತ್ತಾರೆ, ನಾನೇ ಕರಕೊಂಡು ಹೋಗಿ ಕರಕೊಂಡು ಬರುತ್ತೇನೆ ಎಂದರು. ಆದರೆ ಅದು ಎಳ್ಳಮಾವಾಸ್ಯೆಗೆ ಮೊದಲಿನ ರವಿವಾರ. ಇಡೀ ಸೀಮೆ ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು. ಒಣಗಿಸಿದ ಕಟಿ ರೊಟ್ಟಿಗೆ, ಸಜ್ಜೆ ರೊಟ್ಟಿಗೆ ತಾಳಿಕೋಟೆಯಿಂದಲೂ ಬೇಡಿಕೆ ಬಂದಿತ್ತು. ಸಂಘದ ಹೆಂಗಸರೆಲ್ಲ ಬೆಳಕು ಹರಿಯುವ ಮೊದಲೇ ಹಂಚಿನ ಮುಂದೆ ಕೂತಿದ್ದರು. ಬೆನ್ನು ಸೆಟೆದಿತ್ತು, ಕಣ್ಣಿಗೆ ಹೊಗೆ ತುಂಬಿತ್ತು. ಹಿಟ್ಟು ನಾದಲು, ರೊಟ್ಟಿ ಆರಹಾಕಲು ಕೈ ಬೇಕಿತ್ತು. ಮುಂದಿನ ರವಿವಾರ ನೋಡೋಣ ಎಂದಳು ಕಸ್ತೂರೆವ್ವ.

ಮುಂದಿನ ರವಿವಾರವೇ ಪರೀಕ್ಷೆ.

ಬಸವನ ಬಾಗೇವಾಡಿಗೆ ತಾಯಿ ಮಗಳು ಇಬ್ಬರೇ ಹೋದರು. ಹುಡುಗಿ ಚೀಲದಲ್ಲಿ ಹೊಸ ಪೆನ್ನು ಇಟ್ಟುಕೊಂಡಿದ್ದಳು. ಅದನ್ನು ಬಾಗಿಲಲ್ಲೇ ಇಸಕೊಂಡರು, ಇದಕ್ಕೆ ಪೆನ್ನು ಬೇಡ ಎಂದರು. ಕಸ್ತೂರೆವ್ವ ಹೊರಗೆ ಕಂಪೌಂಡಿನ ನೆರಳಿಗೆ ಕೂತಳು. ಸುತ್ತಲೂ ಬೇರೆ ಬೇರೆ ಊರಿನ ತಾಯಂದಿರು. ಅಗರಖೇಡದ ಕಡೆಯಿಂದ ಬಂದ ಒಬ್ಬಾಕೆ, ತನ್ನ ಮಗಳು ಶಾಲೆಯಲ್ಲಿ ಕಂಪ್ಯೂಟರ್ ಮೇಲೆ ಚಿತ್ರ ಬರೆಯುತ್ತಾಳೆ ಎಂದು ಹೇಳಿದಳು. ಕಸ್ತೂರೆವ್ವ ಬುತ್ತಿಗಂಟನ್ನು ಇನ್ನೊಮ್ಮೆ ಬಿಗಿದು ಕಟ್ಟಿದಳು.

ಒಳಗೆ ಏನಾಯಿತೆಂದು ಹುಡುಗಿ ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದಳು. ಅಳಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಯಾರದೋ ಕಥೆ ಹೇಳುವಂತೆ ಹೇಳಿದಳು.

ಪರದೆಯ ಮೇಲೆ ಮೊದಲ ಲೆಕ್ಕ ಬಂತು. ಓದಿದ ಕೂಡಲೇ ಉತ್ತರ ತಿಳಿಯಿತು. ಅದು ಬಲಗಡೆ ಕೆಳಗಿತ್ತು. ಅವಳು ಮೌಸನ್ನು ಬಲಕ್ಕೆ ಸರಿಸಿದಳು. ಪರದೆಯ ಮೇಲೆ ಒಂದು ಬಾಣ ತಾನೂ ಸರಿಯಿತು. ಮಣ್ಣಿನ ಮೌಸಿಗೆ ಬಾಣ ಇರಲಿಲ್ಲ. ಕೈ ಇಲ್ಲಿ ಸರಿದರೆ ಅಲ್ಲಿ ಬಾಣ ಸರಿಯುತ್ತದೆ ಎಂದು ಅವಳು ಕೇಳಿದ್ದಳು, ಕಂಡಿರಲಿಲ್ಲ. ಸರಿಸುತ್ತ ಸರಿಸುತ್ತ ಕೈ ಮೇಜಿನ ಅಂಚಿಗೆ ಬಂತು. ಬಾಣ ನಡುದಾರಿಯಲ್ಲೇ ನಿಂತಿತು. ಮೇಜು ಮುಗಿದಿತ್ತು, ಉತ್ತರ ಇನ್ನೂ ದೂರವಿತ್ತು.

ಮೌಸನ್ನು ಎತ್ತಿ, ಹಿಂದಕ್ಕಿಟ್ಟು, ಮತ್ತೆ ಸರಿಸಬೇಕು. ಒಂದು ದಿನ ಮುಟ್ಟಿದ ಮಗುವಿಗೂ ಅದು ಗೊತ್ತಿರುತ್ತದೆ. ಅದು ಯಾರೂ ಬಾಯಲ್ಲಿ ಹೇಳಿ ಕಲಿಸುವ ವಿಷಯವಲ್ಲ, ಕೈ ತಾನೇ ಕಲಿತುಕೊಳ್ಳುವ ವಿಷಯ. ಶೈಲಶ್ರೀ ತಾನು ಯಂತ್ರ ಕೆಡಿಸಿದೆ ಎಂದುಕೊಂಡಳು. ಮೀಸಲು ಮುಟ್ಟಿದ್ದಕ್ಕೆ ಹೀಗಾಯಿತೇ ಎಂದು ಹೆದರಿದಳು. ಯಾರನ್ನು ಕೇಳಿದರೆ ಏನು ಬೈಯುತ್ತಾರೋ ಎಂದು ಕೈ ಕಟ್ಟಿಕೊಂಡು ಕೂತಳು. ಸುತ್ತ ಎಲ್ಲ ಕಡೆ ಟಿಕ್ ಟಿಕ್ ಸದ್ದು. ಬಹಳ ಹೊತ್ತಿನ ಮೇಲೆ ಒಬ್ಬ ಮೇಡಂ ಹಾದು ಹೋಗುವಾಗ ಇವಳನ್ನು ನೋಡಿ, ಬಗ್ಗಿ, ಹೀಗೆ ಎತ್ತಿಡಮ್ಮಾ ಎಂದು ತೋರಿಸಿದರು. ಆಮೇಲೆ ಅವಳು ಮಾಡಿದಳು. ಒಂದೊಂದಾಗಿ, ಸರಿಯಾಗಿ ಮಾಡಿದಳು. ಆದರೆ ಪರದೆ ತಾನೇ ಮುಚ್ಚಿಕೊಂಡಿತು. ಹೊತ್ತು ಮುಗಿದಿತ್ತು.

"ಎಲ್ಲಾ ಲೆಕ್ಕಾ ಬರ್ತಿದ್ದುವು ಯವ್ವಾ," ಎಂದಳು ಕಡೆಗೆ.

ಶಿವರಾತ್ರಿಯ ಹೊತ್ತಿಗೆ ಆಯ್ಕೆಯಾದವರ ಹೆಸರು ಬಂದವು. ಸಗೀರಾ ಅಕ್ಕೋರು ಮೊಬೈಲಿನಲ್ಲಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಶೈಲಶ್ರೀಯ ಹೆಸರು ಇರಲಿಲ್ಲ. ಅಕ್ಕೋರು ಕಸ್ತೂರೆವ್ವನ ಮನೆಯ ಹೊಸ್ತಿಲಲ್ಲಿ ಕೂತುಬಿಟ್ಟರು. ನಾನು ದಂಡೆಯ ಮೇಲೆ ನಿಲ್ಲಿಸಿ ಈಜು ಕಲಿಸಿದೆ, ನನ್ನದೂ ತಪ್ಪಿದೆ ಎಂದರು. ಸಿದ್ದಾರೂಢ ಫೋನಿನಲ್ಲಿ ಕೇಳಿಸಿಕೊಂಡು, ಆಯಿತು ಬಿಡು ಎಂದ. ಅವನು ಬೈದಿದ್ದರೆ ಇನ್ನೂ ಸಹಿಸಬಹುದಿತ್ತು.

ವಾರ್ಷಿಕ ಪರೀಕ್ಷೆ ಮುಗಿದ ಮೇಲೆ ಹುಡುಗಿ ರೊಟ್ಟಿ ಕೇಂದ್ರಕ್ಕೆ ಬಂದಳು. ಹೋಗು ಎಂದು ಯಾರೂ ಹೇಳಲಿಲ್ಲ. ಬೇರೆ ಎಲ್ಲಿಗೂ ಹೋಗುವುದಿರಲಿಲ್ಲ. ಅಷ್ಟು ದಿನ ನಾದುವುದು, ಆರಹಾಕುವುದು ಮಾಡಿದವಳು ಅವತ್ತು ಮೊದಲ ಸಲ ಬಡಿಯಲು ಕೂತಳು. ರೊಟ್ಟಿ ಹರಿಯಿತು. ಮುದ್ದೆ ಮಾಡಿ ಮತ್ತೆ ಬಡಿದಳು, ಮತ್ತೆ ಹರಿಯಿತು. ಸುತ್ತಲಿನ ಹೆಂಗಸರು ಯಾರೂ ನಗಲಿಲ್ಲ, ಎಲ್ಲರೂ ಹಾಗೇ ಕಲಿತವರು. ಕಸ್ತೂರೆವ್ವ ಮಗಳ ಮಣಿಕಟ್ಟು ಹಿಡಿದು ತಿರುಗಿಸುವುದನ್ನು ತೋರಿಸಿದಳು.

"ಹರೀಲಿ ಬಿಡ. ಹರದ ಮ್ಯಾಲ ಬರ್ತೈತಿ. ಹಿಟ್ಟ ಎಲ್ಲಿ ಹೋಗ್ತೈತಿ? ಹರೀಲಾರ್ದ ಯಾರಿಗಿ ರೊಟ್ಟಿ ಬಂದೈತಿ?"

ಶೈಲಶ್ರೀ ಹಿಟ್ಟಿನ ಕೈಯನ್ನು ಹಾಗೇ ಹಿಡಿದು ತಾಯಿಯ ಮುಖ ನೋಡಿದಳು.

"ಆ ಖೋಲ್ಯಾಗ ನನಗ ಒಂದೂ ಹರ್ಯಾಕ ಬಿಡಲಿಲ್ಲಲ್ಲ ಯವ್ವಾ."

ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಕಸ್ತೂರೆವ್ವ ಅದನ್ನು ತೆಗೆಯಲಿಲ್ಲ. ಹಂಚಿನ ಚಿತ್ರ ಬರೆದು ರೊಟ್ಟಿ ಕಲಿತ ಹೆಣ್ಣು ಈ ಭೂಮಿಯ ಮೇಲಿಲ್ಲ. ಇಷ್ಟು ವರ್ಷ ಈ ಕೈಯಿಂದ ರೊಟ್ಟಿ ಬಡಿದವಳಿಗೆ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ. ಮಗಳ ಕೈಯನ್ನು ಬಡಿದು ಸರಿಸಿದ್ದೂ ಇದೇ ಕೈ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಅಣ್ಣನ ಮನೆಗೆ ನಡೆದಳು. ರೇವಪ್ಪ ಪಡಸಾಲೆಯಲ್ಲಿ ಕೂತಿದ್ದ. ಅಣ್ಣನ ಮುಂದೆ ಅವಳು ಎಂದೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ, ಅವತ್ತೂ ಆಡಲಿಲ್ಲ.

"ಮೀಸಲ ಬೆಣ್ಣಿ ಎಷ್ಟ ದಿನಾ ಇಡ್ತಾರ ಅಣ್ಣಾ? ನಾರೂ ತನಕ ಇಡ್ತಾರೇನು? ದೇವರ ಉಣ್ಣಲಿಲ್ಲ, ಕೂಸೂ ಉಣ್ಣಲಿಲ್ಲ."

ರೇವಪ್ಪ ತಲೆ ತಗ್ಗಿಸಿದ. ಬಹಳ ಹೊತ್ತು ಉಡದಾರದ ಗಂಟಿನ ಜೊತೆ ಬೆರಳಾಡಿಸಿದ. ಖಂಡೆಪೂಜೆಯಂದು ಬಿಗಿದ ಗಂಟು ಅದು, ಬೇಗ ಬಿಚ್ಚಲಿಲ್ಲ.

ಮರುದಿನ ಬೇವಿನ ಗಿಡದ ಕೆಳಗೆ ಮಂದಿ ಸೇರಿದರು. ಹೆಡ್‌ಮಾಸ್ತರು ಇದ್ದರು, ಸಗೀರಾ ಅಕ್ಕೋರು ಇದ್ದರು. ಹಲಗೆ ಇರಲಿಲ್ಲ, ಆರತಿ ಇರಲಿಲ್ಲ. ರೇವಪ್ಪ ಕೀಲಿಯನ್ನು ಶೈಲಶ್ರೀಯ ಅಂಗೈಯಲ್ಲಿಟ್ಟ. ಹುಡುಗಿ ಬೀಗ ತೆಗೆದಳು. ತಾಳಿಕೋಟೆಯಿಂದ ಕರೆಸಿದ ರಿಪೇರಿಯವನು ಒಳಗೆ ಹೋಗಿ ಸ್ವಿಚ್ ಹಾಕಿದ. ಒಂದೂ ಹತ್ತಲಿಲ್ಲ. ಅವನು ಒಂದರ ಡಬ್ಬಿ ಬಿಚ್ಚಿ ಎಲ್ಲರಿಗೂ ತೋರಿಸಿದ. ಒಳಗೆ ಇಲಿ ಗೂಡು ಮಾಡಿತ್ತು. ವೈರುಗಳನ್ನು ಕಡಿದು ಹಾಕಿತ್ತು. ಹಸಿ ಅರಿವೆಯ ನೀರು ಇಳಿದ ಕಡೆ ಜಂಗು ಹಿಡಿದಿತ್ತು. ಗೂಡಿನ ತುಂಬ ಒಣಗಿದ ಚೆಂಡುಹೂವಿನ ಎಸಳು, ಅರಿಸಿನ ಮಾಸದ ಅಕ್ಕಿಕಾಳು.

ಅಷ್ಟೂ ವರ್ಷದ ಅಕ್ಷತೆ. ಕಸ್ತೂರೆವ್ವ ತನ್ನ ಕೈಯಿಂದ ಚೆಲ್ಲಿದ್ದು.

ಕದ್ದೊಯ್ದರೆಂದು ಬೈಯಲು ಕಳ್ಳರು ಬಂದಿರಲಿಲ್ಲ. ಕೆಡಿಸಿದರೆಂದು ಬಡಿಯಲು ಮಕ್ಕಳು ಮುಟ್ಟಿರಲಿಲ್ಲ. ಮಂದಿ ಒಬ್ಬೊಬ್ಬರಾಗಿ ಚದುರಿದರು. ಗುಂಡವ್ವ ಮಾತ್ರ ನಿಂತು, "ದೇವರ ಮಾಡಿ ಕೂಡಿಸಿದ್ದ ನಮ್ಮ ತಪ್ಪವಾ. ಆಳಿನಂಗ ದುಡಿಸಬೇಕಿತ್ತು," ಎಂದಳು.

ಈಗ ಆ ಊರಿನಲ್ಲಿ ಹೊಸ ಠರಾವಾಗಿದೆ. ಖೋಲಿಗೆ ಶಾಲೆ ನಡೆಯುವ ಹೊತ್ತಿನಲ್ಲಿ ಬೀಗ ಹಾಕುವಂತಿಲ್ಲ, ಕೀಲಿ ಶಾಲೆಯಲ್ಲೇ ಇರಬೇಕು. ಬೇರೆ ಕಂಪ್ಯೂಟರುಗಳಿಗೆ ಅರ್ಜಿ ಹೋಗಿದೆ. ಯಾವಾಗ ಬರುತ್ತವೆ, ಬರುತ್ತವೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಕೆಳಗಿನ ಇಯತ್ತೆಯ ಮಕ್ಕಳು ಇನ್ನೂ ಕಟ್ಟೆಯ ಮೇಲೆ ಮಣ್ಣಿನ ಮೌಸನ್ನೇ ಒತ್ತುತ್ತಿದ್ದಾರೆ. ಶೈಲಶ್ರೀಯ ರೊಟ್ಟಿ ಈಗ ಹರಿಯುವುದಿಲ್ಲ.

ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇಂಡಿಯಲ್ಲಿರಿ, ಸಿಂದಗಿಯಲ್ಲಿರಿ, ಯಾವ ಹಳ್ಳಿಯಲ್ಲೇ ಇರಿ, ನಾಳೆ ಮಗುವನ್ನು ಶಾಲೆಗೆ ಬಿಡಲು ಹೋದಾಗ ಒಂದು ಮಾತು ಕೇಳಿ. ನಮ್ಮ ಶಾಲೆಯ ಕಂಪ್ಯೂಟರ್ ಖೋಲಿಯ ಕೀಲಿ ಯಾರ ಹತ್ತಿರ ಇದೆ? ಕಳೆದ ವಾರ ಅದು ಯಾವಾಗ ತೆರೆದಿತ್ತು? ನಿಮ್ಮ ಮಗುವನ್ನೂ ಕೇಳಿ: ನೀನು ಕಂಪ್ಯೂಟರ್ ಮುಟ್ಟಿದೆಯಾ, ಇಲ್ಲಾ ಕಾಗದದ ಮೇಲೆ ಅದರ ಚಿತ್ರ ಬರೆದೆಯಾ? ಚಿತ್ರ ಬರೆದೆ ಎಂದರೆ ಅವತ್ತೇ ಎಸ್‌ಡಿಎಂಸಿ ಸಭೆ ಕರೆಸಿ. ಕಲಿಸಲು ಬಲ್ಲ ಸರ್ ಬರುವ ತನಕ ಕಾಯಬೇಡಿ, ಇದ್ದ ಶಿಕ್ಷಕರಲ್ಲಿ ಬಲ್ಲವರು ಇದ್ದೇ ಇರುತ್ತಾರೆ, ಅವರಿಗೆ ಕೀಲಿ ಕೊಡಿ. ಕೆಟ್ಟರೆ ರಿಪೇರಿ ಮಾಡಿಸಬಹುದು. ಪೂಜೆ ಮಾಡುವುದಿದ್ದರೆ ಗೋಡೆಗೆ ಮಾಡಿ, ಯಂತ್ರಕ್ಕೆ ನೀರು ಕಾಳು ಹಾಕಬೇಡಿ. ಮಕ್ಕಳ ಕೈ ತಾಗುವುದೇ ಅದರ ಪೂಜೆ. ಮನೆಗೆಲಸ ಇವತ್ತು ಬಹಳ ಇದೆ, ಮುಂದಿನ ರವಿವಾರ ನೋಡೋಣ ಎನ್ನಬೇಡಿ. ಹಾಗೆ ಅಂದವಳು ಒಬ್ಬಳಿದ್ದಾಳೆ.

ರೇವಪ್ಪ ಊರ ಮಂದಿಯ ಮುಂದೆ ಕೊಟ್ಟ ಮಾತನ್ನು ಊರ ಮಂದಿಯ ಮುಂದೆ ನಡೆಸಿಕೊಟ್ಟ. ಖೋಲಿಯ ಕೀಲಿಯನ್ನು ಕೈಯಾರೆ ಶೈಲಶ್ರೀಯ ಕೈಗೆ ಕೊಟ್ಟ.